ಕಲ್ಲುಹೊಲದ ಪಹಣಿ

ತ್ಯಾವಣಿಗೆ ಬಸ್ ಸ್ಟ್ಯಾಂಡಿನ ಹೋಟೆಲಿನ ಹೊರಗೆ ಒಂದು ಕಲ್ಲುಬೆಂಚು ಇದೆ. ಬೆಳಿಗ್ಗೆ ಗದ್ದೆಗೆ ನೀರು ಕಟ್ಟಿ ಬಂದು ಆ ಬೆಂಚಿನ ಮೇಲೆ ಟೀ ಕುಡಿಯುತ್ತ ದೇಶ ನಡೆಸುವುದು ನನ್ನ ಇಪ್ಪತ್ತು ವರ್ಷದ ರೂಢಿ. ನನ್ನ ಹೆಸರು ಕಲ್ಲೇಶಪ್ಪ. ಊರವರು ಗೌಡ್ರು ಅನ್ನುತ್ತಾರೆ. ಗೌಡಿಕೆ ಅಜ್ಜನ ಕಾಲಕ್ಕೇ ಹೋಯಿತು, ಕರೆಯುವ ಹೆಸರು ಮಾತ್ರ ಉಳಿದಿದೆ. ನಾಲೆ ನೀರಿನ ಎಂಟು ಎಕರೆ ಇದೆ, ವರ್ಷಕ್ಕೆ ಎರಡು ಬೆಳೆ ಭತ್ತ.

ಆ ಬೆಂಚಿನ ಮೇಲೆ ನಾನು ಎಲ್ಲಕ್ಕಿಂತ ಹೆಚ್ಚು ಆಡಿದ ಮಾತು ಕೋಟಾದ ಬಗ್ಗೆ. ಓದಿದವರಿಗೆ ಸೀಟು ಕೊಡಬೇಕು, ಹುಟ್ಟು ನೋಡಿ ಕೊಡಬಾರದು ಎನ್ನುವುದು ನನ್ನ ವಾದ. ಹೊನ್ನಾಳಿಯ ಸೊಸೈಟಿಯಲ್ಲಿ ಸೆಕ್ರೆಟರಿಯಾಗಿ ನಿವೃತ್ತನಾದ ಬೀರಲಿಂಗಪ್ಪ ಪಕ್ಕದಲ್ಲಿ ಕೂತು ತಲೆ ಆಡಿಸುತ್ತಿದ್ದ. ತಲೆ ಆಡಿಸುವವನು ಒಬ್ಬನಿದ್ದರೆ ಸಾಕು, ಮಾತಾಡುವವನಿಗೆ ತಾನು ಹೇಳಿದ್ದೆಲ್ಲ ನ್ಯಾಯವಾಗಿಯೇ ಕೇಳುತ್ತದೆ.

ಈ ವರ್ಷ ನನ್ನ ಮಗಳು ಕಾವ್ಯಶ್ರೀ ಪಿಯುಸಿ ಮುಗಿಸಿ ಸಿಇಟಿ ಬರೆದಳು. ಕೃಷಿ ಕಾಲೇಜಿಗೆ ಸೇರುವ ಆಸೆ ಅವಳದ್ದು. ಅಂಕ ಕೆಟ್ಟದ್ದೇನಲ್ಲ, ಆದರೆ ಸಾಮಾನ್ಯ ಪಟ್ಟಿಯಲ್ಲಿ ಸೀಟು ಸಿಗುವಷ್ಟು ಇರಲಿಲ್ಲ. ಆಗ ಅವಳೇ ಹೇಳಿದಳು, ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅರ್ಜಿ ಹಾಕುವಾಗಲೇ ಅದಕ್ಕೆ ಗುರುತು ಹಾಕಿದ್ದೇನೆ ಎಂದು. ಪಹಣಿ ಕೊಟ್ಟು ಚನ್ನಗಿರಿಯ ತಾಲೂಕು ಕಚೇರಿಯಿಂದ ಕೃಷಿಕ ಕುಟುಂಬದ ಸರ್ಟಿಫಿಕೇಟ್ ತರಬೇಕು. ಆಮೇಲೆ ಒಂದು ಪ್ರಾಕ್ಟಿಕಲ್ ಪರೀಕ್ಷೆ. ಮೇಜಿನ ಮೇಲೆ ಬೀಜ, ಗೊಬ್ಬರ, ಬೇಸಾಯದ ಉಪಕರಣ ಇಟ್ಟಿರುತ್ತಾರೆ, ಏನೆಂದು ಗುರುತಿಸಿ ಬರೆಯಬೇಕು. ಆ ಅಂಕವೂ ಸೇರಿ ರ‍್ಯಾಂಕ್ ಆಗುತ್ತದೆ.

ಸರಿಯಾದ ಕಾನೂನು ಎಂದುಕೊಂಡೆ. ತಲೆತಲಾಂತರದಿಂದ ಮಣ್ಣು ಮುಟ್ಟಿದವರು ನಾವು, ನಮಗಲ್ಲದೆ ಇನ್ಯಾರಿಗೆ ಕೊಡಬೇಕು. ಬೆಂಚಿನ ಮೇಲೆ ಇಪ್ಪತ್ತು ವರ್ಷ ಕೋಟಾ ಎಂದು ಬೈದ ಮಾತು ನಮ್ಮ ಮನೆಯ ಹೊಸಿಲು ದಾಟಿದ ಕೂಡಲೆ ಹಕ್ಕು ಎಂದಾಯಿತು. ನನಗೆ ಅದು ಗೊತ್ತೂ ಆಗಲಿಲ್ಲ.

ಕಾವ್ಯ ಒಂದನೇ ಕ್ಲಾಸಿನಿಂದ ದಾವಣಗೆರೆಯಲ್ಲಿ ನನ್ನ ತಂಗಿಯ ಮನೆಯಲ್ಲಿದ್ದು ಓದಿದವಳು. ರಜಕ್ಕೆ ಬಂದರೆ ಫ್ಯಾನಿನ ಕೆಳಗೆ ಕೂರುತ್ತಿದ್ದಳು. ಗದ್ದೆಗೆ ಬಂದದ್ದು ಫೋಟೊ ತೆಗೆಯುವುದಕ್ಕೆ. ಪರೀಕ್ಷೆ ಮಾಡೋಣ ಎಂದು ನನ್ನ ಹೆಂಡತಿ ಅನಿತಾ ಅಡುಗೆಮನೆಯಿಂದ ಒಂದೊಂದೇ ಹಿಡಿ ತಂದಿಟ್ಟಳು. ಅಲಸಂದೆ ನೋಡಿ ಮಗಳು ಯಾವುದೋ ಬೀನ್ಸ್ ಎಂದಳು. ಹಿತ್ತಲಲ್ಲಿ ಒರಗಿಸಿಟ್ಟಿದ್ದ, ಕಳೆ ತೆಗೆಯುವ ಎಡೆಕುಂಟೆಯನ್ನು ಟ್ರ್ಯಾಕ್ಟರಿನ ಬಿಡಿಭಾಗ ಎಂದಳು. ನಾನು ಬಿದ್ದು ಬಿದ್ದು ನಕ್ಕೆ. ಆಗ ಅನಿತಾ ಯಾವುದೋ ಹಳೆಯ ಡಬ್ಬಿಯಿಂದ ಇನ್ನೊಂದು ಕಾಳು ತಂದು ನನ್ನ ಮುಂದೆ ಹಿಡಿದು, ಇದು ಏನು ನೀವು ಹೇಳಿ ಎಂದಳು. ಸಾವೆಯೋ ಹಾರಕವೋ ನನಗೆ ಗೊತ್ತಾಗಲಿಲ್ಲ. ಹದಿನೈದು ವರ್ಷದಿಂದ ಬೀಜ ಅಂದರೆ ಅಂಗಡಿಯಿಂದ ಹೆಸರು ಬರೆದ ಚೀಲದಲ್ಲಿ ಬರುವ ಭತ್ತ. ಹೀಗೆ ರೈತನ ಮಗಳು ಫೇಲಾದ ಐದು ನಿಮಿಷಕ್ಕೆ ರೈತನೂ ಫೇಲಾದ.

"ಭೀಮಕ್ಕನ್ನ ಕರೀರಿ. ನಮ್ಮ ಕೈಲಿ ಆಗೋದಲ್ಲ ಇದು" ಎಂದಳು ಅನಿತಾ.

ಭೀಮಕ್ಕ ಮತ್ತವಳ ಗಂಡ ಚಿಕ್ಕಹನುಮಂತಪ್ಪ ನಮ್ಮ ಅಪ್ಪನ ಕಾಲದಿಂದ ನಮ್ಮ ಗದ್ದೆಯಲ್ಲಿ ದುಡಿಯುತ್ತಿರುವವರು. ಊರಿನ ಆಚೆ ಕೇರಿಯಲ್ಲಿ ಅವರ ಮನೆ. ನಾಟಿ ಯಾವತ್ತು, ಕೊಯ್ಲು ಯಾವತ್ತು, ಯಾವ ಮಡಿಗೆ ನೀರು ಮೊದಲು ಎಂಬುದೆಲ್ಲ ಭೀಮಕ್ಕ ಹೇಳಿದಂತೆ. ಜಮೀನು ನನ್ನದು, ಬೇಸಾಯ ಅವಳದು ಎಂದು ನಾನೇ ತಮಾಷೆ ಮಾಡುವುದುಂಟು.

ಅವಳ ತವರು ಜಗಳೂರು ಕಡೆಯ ಹಳ್ಳಿ. ಅಲ್ಲಿ ನೀರಾವರಿ ಇಲ್ಲ, ಹಳೆಯ ಸಿರಿಧಾನ್ಯಗಳನ್ನು ಈಗಲೂ ಬಿತ್ತುತ್ತಾರೆ. ವಿಷಯ ಕೇಳಿದ ಮಾರನೇ ದಿನವೇ ಭೀಮಕ್ಕ ಬಸ್ಸು ಹತ್ತಿ ತವರಿಗೆ ಹೋದಳು. ಎರಡು ದಿನ ಬಿಟ್ಟು ಬಂದಾಗ ಅವಳ ಚೀಲದಲ್ಲಿ ನವಣೆ, ಬರಗು, ಸಜ್ಜೆ, ಹಾರಕ, ಹುಚ್ಚೆಳ್ಳು, ಕುಸುಬೆ, ಪುಂಡಿ ಬೀಜ ಎಲ್ಲ ಸಣ್ಣ ಸಣ್ಣ ಗಂಟಾಗಿ ಕೂತಿದ್ದವು. ಜೊತೆಗೆ ಅವಳ ಕಿರಿ ಮಗಳು ಅಂಬಿಕಾಳೂ ಬಂದಳು. ಅಂಬಿಕಾ ಚನ್ನಗಿರಿಯ ಸರ್ಕಾರಿ ಕಾಲೇಜಿನಲ್ಲಿ ಪಿಯುಸಿ ಮಾಡಿದವಳು. ಅವಳೂ ಸಿಇಟಿ ಬರೆದಿದ್ದಳು, ಅವಳಿಗೂ ಕೃಷಿ ಕಾಲೇಜೇ ಬೇಕು, ಅವಳೂ ಅದೇ ಪ್ರಾಕ್ಟಿಕಲ್‌ಗೆ ಹೋಗುವವಳು.

ನಮ್ಮ ಪಡಸಾಲೆಯಲ್ಲಿ ಪಾಠ ಶುರುವಾಯಿತು. ಭೀಮಕ್ಕ ಮೊರದಲ್ಲಿ ಬೀಜಗಳನ್ನು ಬೇರೆ ಬೇರೆ ಗುಪ್ಪೆ ಮಾಡಿ ಇಡುವಳು. ಕಾವ್ಯ ಮೊದಲೆರಡು ದಿನ ಮೊಬೈಲಿನಲ್ಲಿ ಫೋಟೊ ತೆಗೆದು ಹೆಸರು ಬರೆದುಕೊಂಡಳು. ಮೂರನೇ ದಿನ ಭೀಮಕ್ಕ ಆ ಮೊಬೈಲನ್ನು ತೆಗೆದು ಅನಿತಾಳ ಕೈಗೆ ಕೊಟ್ಟಳು.

"ಕಣ್ಣಿಗೆ ಮೋಸ ಆಗ್ತೈತೆ ತಾಯಿ, ಬೆರಳಿಗೆ ಆಗಲ್ಲ. ಹಿಂಗೆ ತಿಕ್ಕಿ ನೋಡು."

ಅಂಬಿಕಾ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ನವಣೆ ಮತ್ತು ಬರಗಿನ ಮುಂದೆ ಕಾವ್ಯ ಪ್ರತಿ ಸಲ ಎಡವುತ್ತಿದ್ದಳು. ಅಂಬಿಕಾ ಅವಳ ಅಂಗೈ ಹಿಡಿದು ಎರಡನ್ನೂ ಒಂದೊಂದು ಚಿಟಿಕೆ ಹಾಕಿ, ಬರಗು ನುಣ್ಣಗೆ ಜಾರುತ್ತದೆ, ಬೆರಳಲ್ಲಿ ನಿಲ್ಲುವುದಿಲ್ಲ ಎಂದು ತೋರಿಸಿದಳು. ಇಬ್ಬರೂ ನಗುತ್ತಿದ್ದರು. ಬಾಗಿಲ ಹತ್ತಿರ ಕೂತು ನೋಡುತ್ತಿದ್ದ ನನಗೂ ಚೆನ್ನಾಗಿಯೇ ಅನ್ನಿಸಿತ್ತು. ಇದನ್ನು ಹೇಳುವುದಕ್ಕೆ ಕಾರಣವಿದೆ. ಮುಂದೆ ಮಾಡಿದ ಕೆಲಸವನ್ನು ಅವರ ಮೇಲಿನ ದ್ವೇಷದಿಂದ ಮಾಡಿದವನಲ್ಲ ನಾನು. ದ್ವೇಷವಿದ್ದಿದ್ದರೆ ಲೆಕ್ಕ ಸುಲಭವಾಗುತ್ತಿತ್ತು.

ಈಗ ಕಲ್ಲುಹೊಲದ ವಿಷಯ ಹೇಳಬೇಕು.

ನಮ್ಮ ಜಮೀನಿನ ಕೊನೆಯಲ್ಲಿ, ನಾಲೆ ಮುಗಿಯುವ ಕಡೆ, ಒಂದು ಎಕರೆ ಆರು ಗುಂಟೆಯ ತುಂಡು ಇದೆ. ಅದಕ್ಕೆ ಬೇರೆಯದೇ ಹಿಸ್ಸಾ ನಂಬರು. ಮೊದಲು ಅಲ್ಲಿ ಬರೀ ಕಲ್ಲು. ಚಿಕ್ಕಹನುಮಂತಪ್ಪ ಹೊಸದಾಗಿ ಮದುವೆಯಾದವನು ನಮ್ಮಪ್ಪನನ್ನು ಕೇಳಿ, ನಮ್ಮ ಕೆಲಸ ಮುಗಿದ ಮೇಲೆ ಸಂಜೆ ಸಂಜೆ ಹೋಗಿ ಗಂಡ ಹೆಂಡಿರಿಬ್ಬರೂ ಕಲ್ಲು ಎತ್ತಿದರು. ನಾಲ್ಕು ವರ್ಷ ಎತ್ತಿದರು. ಆ ಕಲ್ಲಿನ ಗುಪ್ಪೆ ಈಗಲೂ ಬದುವಿನ ಮೇಲೆ ಆಳೆತ್ತರ ನಿಂತಿದೆ. ಐದನೇ ವರ್ಷದ ಯುಗಾದಿಗೆ, ವರ್ಷದ ಮೊದಲ ಉಳುಮೆಯ ಹೊನ್ನೇರು ಕಟ್ಟಿದ ದಿನ, ನಮ್ಮಪ್ಪ ನಾಲ್ಕು ಜನ ಹಿರಿಯರ ಮುಂದೆ ಹೇಳಿದರು, ಕಲ್ಲು ತೆಗೆದವನಿಗೇ ಹೊಲ ಎಂದು. ನಮ್ಮವ್ವ ಸಾವಂತ್ರಮ್ಮ ಭೀಮಕ್ಕನ ಉಡಿಗೆ ಬಿತ್ತನೆ ಜೋಳ ತುಂಬಿದಳು. ಅಷ್ಟೇ. ಕಾಗದ ಕೇಳುವುದು ಅವರಿಗೆ ನಾಚಿಕೆ, ಕೇಳದೆ ಕೊಡುವುದು ನಮಗೆ ಹೊಳೆಯಲಿಲ್ಲ. ಉಡಿ ತುಂಬಿದ ಮೇಲೆ ಕಾಗದ ಯಾಕೆ ಎನ್ನುವ ಕಾಲ ಅದು. ಅವತ್ತಿನಿಂದ ಆ ಹೊಲದ ಬೆಳೆ ಅವರದು. ಅಪ್ಪ ಹೋದ ಮೇಲೆಯೂ ನಾನು ಅದರ ಒಂದು ಕಾಳು ಮುಟ್ಟಿಲ್ಲ. ಇದನ್ನು ಬೆಂಚಿನ ಮೇಲೆ ಹೆಮ್ಮೆಯಿಂದ ಹೇಳಿಕೊಂಡವನೂ ನಾನೇ.

ಪಹಣಿ ಮಾತ್ರ ಅಪ್ಪನಿಂದ ನನ್ನ ಹೆಸರಿಗೆ ಬಂದಿತ್ತು, ಉಳಿದ ಜಮೀನಿನ ಜೊತೆಗೆ.

ಅಂಬಿಕಾಳಿಗೆ ಇದು ಗೊತ್ತಿರಲಿಲ್ಲ. ಅವಳು ಹುಟ್ಟಿದಾಗಿನಿಂದ ಅವಳಪ್ಪ ನಮ್ಮ ಹೊಲಕ್ಕೆ ಹೋಗಿ ಬರುತ್ತೇನೆ ಎಂದರೆ ಅದು ಕಲ್ಲುಹೊಲ. ಅಲ್ಲಿಯ ಅವರೆಕಾಯಿ ಬಿಡಿಸಿದವಳು, ಅಲ್ಲಿಯ ಕಳೆ ಕಿತ್ತವಳು. ಸಿಇಟಿ ಅರ್ಜಿಯಲ್ಲಿ ಕೃಷಿಕ ಕುಟುಂಬವೇ ಎಂದು ಕೇಳಿದ ಕಡೆ ಯೋಚನೆಯನ್ನೇ ಮಾಡದೆ ಹೌದು ಎಂದು ಗುರುತು ಹಾಕಿದ್ದಳು. ಅವಳನ್ನೇನು ಅನ್ನುವುದು. ನನ್ನನ್ನು ಯಾರಾದರೂ ದಾರಿಯಲ್ಲಿ ನಿಲ್ಲಿಸಿ ಕಲ್ಲುಹೊಲ ಯಾರದು ಎಂದು ಕೇಳಿದ್ದರೆ ನಾನೂ ಚಿಕ್ಕಹನುಮಂತಪ್ಪಂದು ಅನ್ನುತ್ತಿದ್ದೆ.

ಕೇಳಿದ್ದು ದಾರಿಯಲ್ಲಲ್ಲ, ಕಚೇರಿಯಲ್ಲಿ.

ಮೇ ತಿಂಗಳ ಒಂದು ಸೋಮವಾರ ಕಾವ್ಯಳ ಸರ್ಟಿಫಿಕೇಟ್ ತರಲು ಚನ್ನಗಿರಿಗೆ ಹೋಗಿದ್ದೆ. ಕಚೇರಿಯ ಕೇಸ್ ವರ್ಕರ್ ಪ್ರವೀಣ್ ಕುಮಾರ್ ಪರಿಚಯದ ಹುಡುಗ, ಒಳಗೆ ಕುರ್ಚಿ ಹಾಕಿಸಿ ಕೂರಿಸಿದ. ನನ್ನ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು. ಸರ್ಟಿಫಿಕೇಟ್ ಮಡಚಿ ಜೇಬಿಗಿಡುವ ಹೊತ್ತಿಗೆ ಕೌಂಟರಿನ ಹೊರಗೆ ಚಿಕ್ಕಹನುಮಂತಪ್ಪ ನಿಂತಿದ್ದ. ಒಗೆದ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್, ಪಕ್ಕದಲ್ಲಿ ಫೈಲು ಹಿಡಿದ ಅಂಬಿಕಾ. ನನ್ನನ್ನು ಕಂಡು ಅವನ ಮುಖ ಅರಳಿತು. ದೊಡ್ಡ ಕಚೇರಿಯಲ್ಲಿ ಊರಿನವರೊಬ್ಬರು ಸಿಕ್ಕರೆ ಆಗುವ ಧೈರ್ಯ ಅದು.

ಪ್ರವೀಣ್ ಕುಮಾರ್ ಸರ್ವೆ ನಂಬರ್ ಕೇಳಿದ. ಅಂಬಿಕಾ ಅಪ್ಪನ ಕಡೆ ನೋಡಿದಳು. ಅವನಿಗೆ ನಂಬರು ಗೊತ್ತಿಲ್ಲ.

"ನಾಲೆ ಕೊನೇಗೆ ಐತಲ್ರಿ, ಕಲ್ಲುಹೊಲ. ಗೌಡ್ರು ಇಲ್ಲೇ ಅದಾರೆ, ಕೇಳ್ರಿ, ಅವರಿಗೆ ಎಲ್ಲಾ ಗೊತ್ತು."

ಪ್ರವೀಣ್ ಕುಮಾರ್ ನನ್ನ ಪಹಣಿಗಳನ್ನು ಆಗಷ್ಟೇ ನೋಡಿದ್ದ. ಕಂಪ್ಯೂಟರಿನಲ್ಲಿ ಮತ್ತೆ ತೆರೆದು ಬೆರಳಿಟ್ಟು ತೋರಿಸಿದ.

"ಇದು ನಿಮ್ಮ ಹೆಸರಿನಾಗೆ ಐತಲ್ರಿ. ಜಮೀನು ಯಾರದು?"

ಆ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಇತ್ತೋ ಗೊತ್ತಿಲ್ಲ. ಒಂದು ಉಸಿರು ಇರಬಹುದು. ಅಷ್ಟರಲ್ಲಿ ನನ್ನ ತಲೆಯಲ್ಲಿ ಎಷ್ಟೆಲ್ಲ ಹಾದುಹೋಯಿತು. ಈ ಕೋಟಾದಲ್ಲಿ ಇರುವ ಸೀಟು ಇಷ್ಟೇ. ಅಂಬಿಕಾಳ ಪಿಯುಸಿ ಅಂಕ ಕಾವ್ಯಳಿಗಿಂತ ಕೊಂಚ ಕಡಿಮೆ, ಆದರೆ ಪ್ರಾಕ್ಟಿಕಲ್‌ನಲ್ಲಿ ಅವಳನ್ನು ಹಿಡಿಯುವವರಿಲ್ಲ. ಅವಳಿಗೆ ಅವಳ ಜಾತಿಯ ಮೀಸಲಾತಿ ಬೇರೆ ಇದೆಯಲ್ಲ, ನಮ್ಮದಕ್ಕೆ ಯಾಕೆ ಬರಬೇಕು. ಕಾಗದದ ಪ್ರಕಾರ ಸುಳ್ಳೂ ಅಲ್ಲ.

"ನಮ್ದೇ" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ಪ್ರವೀಣ್ ಕುಮಾರ್ ಹುಡುಗ ಒಳ್ಳೆಯವನು, ಅಂಬಿಕಾಳಿಗೆ ನಿಧಾನವಾಗಿ ಬಿಡಿಸಿ ಹೇಳಿದ. ಪಹಣಿ ಇಲ್ಲದೆ ಈ ಸರ್ಟಿಫಿಕೇಟ್ ಆಗುವುದಿಲ್ಲ, ಕೂಲಿಯವರದು ಇದಕ್ಕೆ ನಡೆಯುವುದಿಲ್ಲ, ಕೊನೆಯ ದಿನಕ್ಕೆ ಇನ್ನೂ ಮೂರು ವಾರ ಇದೆ, ಯಾರಾದರೂ ಜಮೀನು ಬರೆದುಕೊಟ್ಟು ಖಾತೆ ಬದಲಾದರೆ ಆಗುತ್ತದೆ ಎಂದ. ಹೇಳುವಾಗ ಒಮ್ಮೆ ನನ್ನ ಕಡೆಗೂ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಚಿಕ್ಕಹನುಮಂತಪ್ಪ ಹೆಗಲ ಟವೆಲ್ ತೆಗೆದು ಮತ್ತೆ ಮಡಚಿ ಹೆಗಲಿಗೇ ಹಾಕಿಕೊಂಡ. ಅಂಬಿಕಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಕೋಪದಿಂದಲ್ಲ. ಲೆಕ್ಕ ತಪ್ಪಿದ ಕಡೆ ಎಲ್ಲಿ ಎಂದು ಹುಡುಕುವಂತೆ ನೋಡುತ್ತಿದ್ದಳು.

ಮಾರನೇ ದಿನ ಭೀಮಕ್ಕ ಬರುವುದಿಲ್ಲ ಎಂದುಕೊಂಡಿದ್ದೆ. ಬಾರದಿದ್ದರೆ ಒಳ್ಳೆಯದಿತ್ತು, ನನಗೂ ಸಿಟ್ಟು ಮಾಡಿಕೊಳ್ಳಲು ಒಂದು ನೆಪ ಸಿಗುತ್ತಿತ್ತು. ಅವಳು ಬಂದಳು. ಎಂದಿನಂತೆ ಮೊರ ಇಟ್ಟಳು, ಗುಪ್ಪೆ ಮಾಡಿದಳು, ಕಾವ್ಯಳ ಕೈಗೆ ಕಾಳು ಹಾಕಿದಳು. ಅಂಬಿಕಾ ಎಲ್ಲಿ ಎಂದು ಕಾವ್ಯ ಕೇಳಿದ್ದಕ್ಕೆ ಮನೆಯಲ್ಲಿ ಕೆಲಸ ಇದೆ ತಾಯಿ ಎಂದಳು. ನಾನು ಎದ್ದು ಗದ್ದೆಗೆ ಹೋದೆ.

ಹದಿನೈದು ದಿನ ಅವಳು ಹಾಗೆಯೇ ಬಂದಳು. ಹದಿನೈದು ದಿನವೂ ನಾನು ಬರೆದುಕೊಡಬಹುದಿತ್ತು. ಬೆಳಿಗ್ಗೆ ಎದ್ದಾಗ ಇವತ್ತು ಹೋಗಿ ಹೇಳೋಣ ಅನ್ನಿಸುವುದು, ಸ್ನಾನ ಮುಗಿಯುವ ಹೊತ್ತಿಗೆ ಮಗಳ ಕೆಲಸ ಮುಗಿಯಲಿ ಅನ್ನಿಸುವುದು. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಇದೆ. ಕೈ ಯಾರದು, ಬಾಯಿ ಯಾರದು ಎಂದು ಗಾದೆ ಹೇಳುವುದಿಲ್ಲ. ಆ ಹದಿನೈದು ದಿನ ನಮ್ಮ ಪಡಸಾಲೆಯಲ್ಲಿ ಎರಡೂ ಬೇರೆ ಬೇರೆಯಾಗಿ ಕೂತಿದ್ದವು.

ಅನಿತಾಳಿಗೆ ವಿಷಯ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಕಾವ್ಯಂಗೆ ಮಾತ್ರ ಗೊತ್ತಾಗೋದು ಬೇಡ ಎಂದಳು. ಅದು ಬೈದದ್ದಕ್ಕಿಂತ ಜಾಸ್ತಿಯಾಯಿತು.

ಪ್ರಾಕ್ಟಿಕಲ್ ಶಿವಮೊಗ್ಗದಲ್ಲಿತ್ತು. ಗೇಟಿನ ಹೊರಗೆ ನನ್ನಂಥ ಅಪ್ಪಂದಿರು ಸಾಲುಸಾಲು. ಕಾರಿನಲ್ಲಿ ಬಂದವರಿದ್ದರು, ಮೈಮೇಲೆ ಇಸ್ತ್ರಿ ಮುರಿಯದವರಿದ್ದರು. ಅವರ ಮಕ್ಕಳು ಮೊಬೈಲಿನಲ್ಲಿ ಬೀಜದ ಫೋಟೊಗಳನ್ನು ಕೊನೆಯ ಸಲ ನೋಡಿಕೊಳ್ಳುತ್ತಿದ್ದರು. ಒಬ್ಬರು ಇದಕ್ಕೂ ಕೋಚಿಂಗ್ ಇದೆ ಸಾರ್ ಎಂದು ನನಗೆ ತಿಳಿಸಿದರು. ಇಷ್ಟು ಜನರ ಮನೆಯಲ್ಲಿಯೂ ಒಬ್ಬೊಬ್ಬ ಭೀಮಕ್ಕ ಇರಬೇಕು, ಅವಳ ಮಗಳು ಇವತ್ತು ಎಲ್ಲೋ ಕಳೆ ಕೀಳುತ್ತಿರಬೇಕು ಎಂದುಕೊಂಡೆ. ಎಲ್ಲರೂ ಹಾಗಿರಲಾರರು. ಅಂಗೈ ಒಡೆದ ಅಪ್ಪಂದಿರೂ ಅಲ್ಲಿದ್ದರು, ಬಿಸಿಲಿಗೆ ಸುಟ್ಟ ಮುಖದ ಮಕ್ಕಳೂ ಇದ್ದರು, ಆ ಕೋಟಾ ಇರುವುದೇ ಅಂಥವರಿಗೆ. ಅವರ ಪಕ್ಕ ನಿಲ್ಲಲು ನನಗೆ ನಾಚಿಕೆಯಾಯಿತು.

ಕಾವ್ಯ ಹೊರಗೆ ಬಂದವಳು ಕುಣಿಯುತ್ತಿದ್ದಳು.

"ಅಪ್ಪಾಜಿ, ಬರಗು ಬಂದಿತ್ತು. ನಂಗೆ ಡೌಟ್ ಆತು. ಕಣ್ಣು ಮುಚ್ಚಿಕೊಂಡೆ, ಅಂಬಿಕಾ ಕೈ ನೆನಪಾತು. ಬರೆದೆ."

ಆಮೇಲೆ ಅಂಬಿಕಾ ಯಾವ ಬ್ಯಾಚಿನಲ್ಲಿದ್ದಾಳೆ ಎಂದು ಸುತ್ತ ನೋಡಿದಳು. ಅವಳು ಬಂದಿಲ್ಲ ಎಂದೆ. ಯಾಕೆ ಎಂದಳು. ಜಮೀನಿನ ಕಾಗದ ಇರಲಿಲ್ಲ ಎಂದೆ. ಕಲ್ಲುಹೊಲ ಎಂದಳು. ನಾನು ಬಸ್ಸು ಬಂತು ಎಂದೆ. ಬಸ್ಸು ನಿಜವಾಗಿಯೂ ಬಂದಿತ್ತು. ಕಿಟಕಿ ಪಕ್ಕ ಕೂತ ಮಗಳು ಚನ್ನಗಿರಿ ಬರುವ ತನಕ ಹೊರಗೇ ನೋಡುತ್ತಿದ್ದಳು. ಇಳಿಯುವಾಗ ಮಾತ್ರ ಒಂದು ಪ್ರಶ್ನೆ ಕೇಳಿದಳು, ನನ್ನ ಸರ್ಟಿಫಿಕೇಟಿಗೆ ಕೊಟ್ಟ ಪಹಣಿಯಲ್ಲಿ ಕಲ್ಲುಹೊಲವೂ ಇತ್ತಾ ಎಂದು. ಇತ್ತು ಎಂದೆ. ಹದಿನೆಂಟು ವರ್ಷದ ಮಕ್ಕಳಿಗೆ ಹೇಳದೆ ಮುಚ್ಚಿಡಬಹುದು ಎನ್ನುವುದು ದೊಡ್ಡವರ ಭ್ರಮೆ.

ಪಟ್ಟಿ ಬಂತು. ಕಾವ್ಯಳಿಗೆ ಕೃಷಿಕರ ಕೋಟಾದಲ್ಲಿ ಶಿವಮೊಗ್ಗದಲ್ಲೇ ಸೀಟು ಸಿಕ್ಕಿತು. ಬೆಂಚಿನ ಮೇಲೆ ನಾನು ಪೇಡ ಹಂಚಿದೆ. ಬೀರಲಿಂಗಪ್ಪ ಎರಡು ತೆಗೆದುಕೊಂಡು, ಮಗಳು ಬುದ್ಧಿವಂತೆ, ಮೆರಿಟ್ ಎಂದರೆ ಇದು ಎಂದ. ಭೀಮಕ್ಕನ ಮಗಳಿಗೆ ಏನಾಯಿತು ಎಂದು ಯಾರೋ ಕೇಳಿದರು. ಅವರಿಗೇನು, ಅವರ ಕೋಟಾದಲ್ಲಿ ಮನೆ ಬಾಗಿಲಿಗೆ ಬರುತ್ತದೆ ಎಂದ ಬೀರಲಿಂಗಪ್ಪ. ಆ ಮಾತು ನನ್ನದೇ. ಇಪ್ಪತ್ತು ವರ್ಷದಿಂದ ನಾನು ಹೇಳಿದ್ದನ್ನು ಅವನು ನನಗೇ ವಾಪಸ್ ಕೊಡುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಪೇಡದ ಡಬ್ಬಿ ಮುಚ್ಚಿಕೊಂಡು ಎದ್ದೆ.

ಅಂಬಿಕಾಳಿಗೆ ಬರಲಿಲ್ಲ. ಮೊದಲ ಸುತ್ತಿನಲ್ಲಿಯೂ ಇಲ್ಲ, ಎರಡನೇ ಸುತ್ತಿನಲ್ಲಿಯೂ ಇಲ್ಲ. ಅವರ ಪಟ್ಟಿಯಲ್ಲೂ ಅವಳಿಗಿಂತ ಮುಂದೆ ನೂರಾರು ಮಕ್ಕಳಿದ್ದರು. ದೊಡ್ಡ ಊರುಗಳಲ್ಲಿ ಒಳ್ಳೆಯ ಶಾಲೆ, ಟ್ಯೂಷನ್ ಸಿಕ್ಕವರು. ಆ ಬಾಗಿಲಲ್ಲಿಯೂ ಇಷ್ಟು ನೂಕುನುಗ್ಗಲು ಇದೆ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಎಂದೂ ಅನ್ನಿಸಿರಲಿಲ್ಲ. ಅವಳು ಚನ್ನಗಿರಿಯ ಡಿಗ್ರಿ ಕಾಲೇಜಿಗೆ ಸೇರಿ ದಿನಾ ಬಸ್ಸಿನಲ್ಲಿ ಹೋಗಿ ಬರತೊಡಗಿದಳು.

ಕಾವ್ಯ ಹಾಸ್ಟೆಲಿಗೆ ಹೊರಡುವ ಹಿಂದಿನ ದಿನ, ನೀವು ಅವರ ಮನೆಗೆ ಹೋಗಿ ಬಂದರೆ ಮಾತ್ರ ನಾನು ಹೋಗುವುದು ಎಂದಳು. ಅದು ಜಗಳವಾಗಿರಲಿಲ್ಲ, ಶರತ್ತು. ಉಳಿದಿದ್ದ ಪೇಡದ ಡಬ್ಬಿ ಹಿಡಿದು ಮಧ್ಯಾಹ್ನ ಕೇರಿಗೆ ಹೋದೆ. ಅವರ ಮನೆಯ ಜಗಲಿಯ ಮೇಲೆ ನಾನು ಕೂತದ್ದು ಅದೇ ಮೊದಲು. ಮೂವತ್ತು ವರ್ಷ ಅವರು ನಮ್ಮ ಮನೆಗೆ ಬಂದಿದ್ದಾರೆ, ನಾನು ಹೋಗಿರಲಿಲ್ಲ.

ಭೀಮಕ್ಕ ಪೇಡ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಒಳಗೆ ಹೋಗಿ ಬಟ್ಟೆಯ ಗಂಟು ತಂದಳು. ಎಲ್ಲ ಬೀಜಗಳೂ ಅದರಲ್ಲಿದ್ದವು, ಕಾವ್ಯ ಕಾಲೇಜಿಗೆ ತೆಗೆದುಕೊಂಡು ಹೋಗಲಿ ಎಂದು. ನನಗೆ ಕೈ ಚಾಚುವುದಕ್ಕಾಗಲಿಲ್ಲ. ಅವತ್ತು ಕಚೇರಿಯಲ್ಲಿ ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಚಿಕ್ಕಹನುಮಂತಪ್ಪನೇ ಶುರುಮಾಡಿದ.

"ನೀವು ನಮ್ದೇ ಅಂದ್ರಲ್ಲ ಗೌಡ್ರೆ, ಅವತ್ತು ಬಸ್ಸಿನಾಗೆ ಬರೋ ತಂಕ ಯೋಚ್ನೆ ಮಾಡ್ದೆ. ದೊಡ್ಡ ಗೌಡ್ರು ಹಂಗೆ ಹೇಳಿದ್ದು ಖರೆನೋ, ನಾನೇ ತಪ್ಪು ತಿಳ್ಕಂಡಿದ್ನೋ ಅಂತ."

ಇಪ್ಪತ್ತೈದು ವರ್ಷ ಉತ್ತು ಬಿತ್ತಿದ ಹೊಲದ ಬಗ್ಗೆ ಆ ಮನುಷ್ಯನಿಗೆ ತನ್ನ ನೆನಪಿನ ಮೇಲೆಯೇ ಅನುಮಾನ ಬಂದಿತ್ತು, ನನ್ನ ಒಂದು ಮಾತಿಗೆ. ಖರೆ ಹನುಮಂತಣ್ಣ, ಹೇಳಿದ್ದು ಖರೆ ಎಂದೆ. ಅವನನ್ನು ಅಣ್ಣ ಎಂದದ್ದೂ ಅದೇ ಮೊದಲಿರಬೇಕು, ಅವನು ತಲೆ ಎತ್ತಿ ನೋಡಿದ.

ಬಾಗಿಲಲ್ಲಿ ನಿಂತಿದ್ದ ಅಂಬಿಕಾ ಆಗ ಮಾತಾಡಿದಳು.

"ಒಂದು ಕೇಳ್ತೀನಿ ಗೌಡ್ರೆ. ಕಾಗದದಾಗೆ ಆ ಹೊಲ ನಮ್ದಲ್ಲ ಅಂತ ನಂಗೆ ಯಾರೂ ಯಾಕೆ ಹೇಳ್ಲಿಲ್ಲ? ಗೊತ್ತಿದ್ರೆ ಅರ್ಜಿಯಾಗೆ ನಾನು ಸುಳ್ಳು ಬರೀತಿರ್ಲಿಲ್ಲ."

ಸೀಟು ಹೋದದ್ದನ್ನು ಅವಳು ಕೇಳಲಿಲ್ಲ. ತಾನು ಸುಳ್ಳಿಯಾದದ್ದನ್ನು ಕೇಳಿದಳು. ಮುಂದಿನ ವರ್ಷ ಮತ್ತೆ ಬರಿ, ಅಷ್ಟರೊಳಗೆ ಪಹಣಿ ನಿಮ್ಮ ಹೆಸರಿಗೆ ಆಗಿರುತ್ತದೆ ಎಂದೆ. ಅವಳು ಸಂತೋಷ ಪಡಲಿಲ್ಲ. ಆಗಲಿ ನೋಡೋಣ ಎಂದು ಒಳಗೆ ಹೋದಳು.

ಸೆಪ್ಟೆಂಬರಿನಲ್ಲಿ ಚನ್ನಗಿರಿಯ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಅವರು ಮೂವರು, ನಾನು, ಸಾಕ್ಷಿ ಹಾಕಲು ಹಾಸ್ಟೆಲಿನಿಂದ ಬಂದ ಕಾವ್ಯ. ಇನ್ನೊಬ್ಬ ಸಾಕ್ಷಿ ಬೇಕಿತ್ತು. ನಾನು ಬೇಕೆಂದೇ ಬೀರಲಿಂಗಪ್ಪನನ್ನು ಕರೆದುಕೊಂಡು ಹೋಗಿದ್ದೆ. ದಾರಿಯಲ್ಲಿ ಅವನಿಗೆ ಎಲ್ಲ ಹೇಳಿದೆ, ನಮ್ದೇ ಎಂದದ್ದನ್ನೂ ಹೇಳಿದೆ. ಅವನು ಈ ಸಲ ತಲೆ ಆಡಿಸಲಿಲ್ಲ.

ಕಚೇರಿಯ ಹೊರಗೆ ಪತ್ರ ಬರೆಯುವವರು ಕರಡು ಓದಿದರು. ಕಲ್ಲೇಶಪ್ಪನಾದ ನಾನು ಚಿಕ್ಕಹನುಮಂತಪ್ಪನವರ ಮೇಲಿನ ಪ್ರೀತಿ ವಿಶ್ವಾಸದಿಂದ ಈ ಸ್ವತ್ತನ್ನು ದಾನವಾಗಿ ಕೊಟ್ಟಿರುತ್ತೇನೆ ಎಂದು ಬರುತ್ತಿದ್ದಂತೆ ಅಂಬಿಕಾ ತಡೆದಳು.

"ಸಾರ್, ಇದು ಪ್ರೀತಿಗೆ ಕೊಟ್ಟಿದ್ದಲ್ಲ. ನಮ್ಮಪ್ಪ ನಮ್ಮವ್ವ ನಾಲ್ಕು ವರ್ಷ ಕಲ್ಲು ಎತ್ತಿದ್ದಕ್ಕೆ. ಹಂಗೇ ಬರೀರಿ."

ಭೀಮಕ್ಕ ಮಗಳ ತೋಳು ಚಿವುಟಿದಳು. ಪತ್ರ ಬರೆಯುವವರು ಕನ್ನಡಕ ತೆಗೆದು, ದಾನ ಎಂಬ ಮಾತು ತೆಗೆಯುವುದಕ್ಕೆ ಬರುವುದಿಲ್ಲ, ದಾನಪತ್ರಕ್ಕೆ ಅದೇ ರೂಢಿ, ಬೇಕಾದರೆ ಕಾರಣ ಸೇರಿಸಬಹುದು ಎಂದರು. ಸೇರಿಸಿ ಎಂದೆ. ಕಲ್ಲಿನ ವಿಷಯ, ನಾಲ್ಕು ವರ್ಷದ ವಿಷಯ, ಯುಗಾದಿಯ ವಿಷಯ, ಉಡಿಯ ವಿಷಯ ಎಲ್ಲವನ್ನೂ ನಾನೇ ಹೇಳಿ ಬರೆಸಿದೆ. ನಮ್ಮಪ್ಪ ಬಾಯಲ್ಲಿ ಆಡಿದ್ದು ಅಷ್ಟು ವರ್ಷದ ಮೇಲೆ ಕಾಗದಕ್ಕೆ ಇಳಿಯಿತು. ಅಂಬಿಕಾ ಎರಡು ಸಲ ಓದಿ ಸರಿಯಿದೆ ಎಂದಳು.

ಒಳಗೆ ಸಬ್ ರಿಜಿಸ್ಟ್ರಾರ್ ಮೇಡಂ ಕಾಗದ ತಿರುವಿ ಹಾಕಿದರು. ಯಾರ ಒತ್ತಾಯವೂ ಇಲ್ಲವಲ್ಲ ಎಂದು ಕೇಳಿದರು. ಇಲ್ಲ ಎಂದೆ. ಆಮೇಲೆ ಎಲ್ಲರನ್ನೂ ಕೇಳುವ ಹಾಗೆ ಕೇಳಿದರು.

"ಜಮೀನು ಯಾರದು?"

ಈ ಪ್ರಶ್ನೆಗೆ ನಾಲ್ಕು ತಿಂಗಳಿಂದ ಉತ್ತರ ಸಿದ್ಧ ಮಾಡಿಕೊಂಡಿದ್ದೆ.

"ಅವರದ್ದೇ ಮೇಡಂ. ನನ್ನ ಹೆಸರಿನಾಗೆ ಇತ್ತು, ಅಷ್ಟೆ."

ಮೇಡಂ ಪೆನ್ನು ಕೆಳಗಿಟ್ಟರು. ಅವರದ್ದಾದರೆ ನೀವು ಹೇಗೆ ಕೊಡುತ್ತೀರಿ, ನಿಮ್ಮದು ಎಂದು ಹೇಳಿದರೆ ಮಾತ್ರ ರಿಜಿಸ್ಟರ್ ಮಾಡಲು ಬರುತ್ತದೆ, ಸರಿಯಾಗಿ ಹೇಳಿ ಎಂದರು. ನಾನು ಆ ಪೆನ್ನನ್ನೇ ನೋಡುತ್ತ ನಿಂತೆ. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಕಾವ್ಯ ನನ್ನ ಅಂಗಿ ಎಳೆದಳು. ಯಾವ ಮಾತನ್ನು ಇನ್ನು ಜನ್ಮದಲ್ಲಿ ಆಡಬಾರದು ಎಂದುಕೊಂಡಿದ್ದೆನೋ ಅದನ್ನೇ ಆಡದೆ ಆ ಹೊಲ ಅವರಿಗೆ ಸೇರುವಂತಿರಲಿಲ್ಲ.

ಪಕ್ಕದಿಂದ ಅಂಬಿಕಾ ಸಣ್ಣಗೆ ನಕ್ಕಳು. ಕಚೇರಿಯ ಆ ಸೋಮವಾರದಿಂದ ಈಚೆಗೆ ಅವಳು ನನ್ನ ಮುಂದೆ ನಕ್ಕದ್ದು ಅದೇ ಮೊದಲು.

"ಇದೊಂದು ಸಲ ಅನ್ರಿ ಗೌಡ್ರೆ. ನಾವು ಏನೂ ಅನ್ಕಳಲ್ಲ."

"ನಮ್ದೇ" ಎಂದೆ. ಅವತ್ತು ಅಷ್ಟು ಸಲೀಸಾಗಿ ಬಂದ ಮಾತು ಇವತ್ತು ಮೇಡಮ್ಮಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು.